ಪಾಲಕರ ಸಭೆಗೆ 143 ಮಕ್ಕಳ ಮನೆಯಿಂದ 11 ಮಂದಿ ಬಂದ್ರು, ಮುಂದೇನು?

ಬೇಲಿ ಹೂವು (ಕುಷ್ಟಗಿ ಕಡೆ) | 9 ಡಿಸೆಂಬರ್ 2025, ರಾತ್ರಿ 9:40

ಎಲ್ಲರಿಗೂ ನಮಸ್ಕಾರ್ರಿ. ನಾನು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ, ಇದು ಎರಡನೇ ವರ್ಷ. ಊರ ಹೆಸರು ಬ್ಯಾಡ ಬಿಡ್ರಿ. ಮಳೆ ನಂಬಿದ ಮಸಾರಿ ನೆಲದ ಊರು, ಅಷ್ಟು ಸಾಕು. ಜೂನ್‌ನಲ್ಲಿ ನಮ್ಮ ಎಚ್‌ಎಂ (ಹೆಡ್‌ಮಾಸ್ತರ್) ಸರ್ "ನೀವು ಊರವರ ಜೊತೆ ಚೆನ್ನಾಗಿ ಮಾತಾಡ್ತೀರಿ, ಪಾಲಕರದ್ದು, ಎಸ್‌ಡಿಎಂಸಿದು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿದು), ದಾನಿಗಳದ್ದು ಎಲ್ಲಾ ನೀವೇ ನೋಡ್ಕೋರಿ" ಅಂತ ಒಂದು ಫೈಲು, ಒಂದು ಠರಾವು ಪುಸ್ತಕ ಕೈಗಿಟ್ಟರು. ಆವತ್ತಿನಿಂದ ಇದು ನನ್ನ ಕೊರಳಿಗೆ ಬಿದ್ದಿದೆ.

ಹೋದ ವಾರ ಪಾಲಕರ ಸಭೆ ಇಟ್ಟಿದ್ವಿ. ಶನಿವಾರ ಬೆಳಿಗ್ಗೆ 11ಕ್ಕೆ. ಮೂರು ದಿನ ಮೊದಲೇ ಚೀಟಿ ಪ್ರಿಂಟ್ ಮಾಡಿಸಿ ಮಕ್ಕಳ ಕೈಲಿ ಕಳಿಸಿದ್ದೆ. "ತಮ್ಮ ಮಗುವಿನ ಸರ್ವಾಂಗೀಣ ಪ್ರಗತಿಯ ಕುರಿತು ಚರ್ಚಿಸಲು ತಪ್ಪದೇ ಆಗಮಿಸಬೇಕಾಗಿ ವಿನಂತಿ" ಅಂತ. ಬಂದವರು 11. ಅದರಲ್ಲಿ ನಾಲ್ವರು ಎಸ್‌ಡಿಎಂಸಿ ಸದಸ್ಯರು, ಇಬ್ಬರು ನಮ್ಮ ಬಿಸಿಯೂಟದ ಅಕ್ಕಂದಿರು. ಉಳಿದವರು ಐವರು.

ಆ ಐವರಲ್ಲಿ ಒಬ್ಬ ಅಜ್ಜಿ. ಎಲಿ-ಅಡಿಕಿ ಸಂಚಿ ಬಿಚ್ಚಿ, ಎಂಟು ಮಡಿಕೆ ಮಾಡಿದ್ದ ಚೀಟಿ ತೆಗೆದ್ರು. ಸುಣ್ಣ ಮೆತ್ತಿ ಅರ್ಧ ಅಕ್ಷರ ಅಳಿಸಿದ್ವು. "ನನ್ನ ಪಗಾರ ನಾಕ್ ತಿಂಗಳಿಂದ ಬಂದಿಲ್ಲವ್ವಾ, ಅದರದ್ದೇ ಕಾಗದ ಇದು? ಓದಿ ಹೇಳು" ಅಂದ್ರು. ಸಂಧ್ಯಾ ಸುರಕ್ಷಾ ಪಗಾರ, ಅಂದ್ರೆ ವಯಸ್ಸಾದವರಿಗೆ ಸರ್ಕಾರ ಕೊಡೋ ಪಿಂಚಣಿ. ಮಗ-ಸೊಸೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾರೆ, ಮೊಮ್ಮಗಳು ನಾಲ್ಕನೇ ಕ್ಲಾಸು. ನಾನು ಅವರಿಗೆ ಮಗುವಿನ ಪ್ರಗತಿ ಬಗ್ಗೆ ಹೇಳಿದೆ. ತಲೆ ಆಡಿಸಿದ್ರು. ಹೋಗುವಾಗ ಮತ್ತೆ ಕೇಳಿದ್ರು, "ಹಂಗಾರ ಪಗಾರಂದು ಅಲ್ಲ?"

ಮಧ್ಯಾಹ್ನ ಎಚ್‌ಎಂ ಸರ್ "ಹಾಜರಿ ಪುಸ್ತಕ ಓಣಿಗೆ ತಗೊಂಡು ಹೋಗಿ ಒಂದು 60 ಸಹಿ ಹಾಕಿಸ್ಕೊಂಡು ಬನ್ನಿ, ಫೋಟೋ ಅಪ್‌ಲೋಡ್ ಮಾಡ್ಬೇಕು" ಅಂದ್ರು. ಹಾಕಿಸಿಕೊಂಡು ಬಂದೆ. ಆವತ್ತಿಂದ ಸಮಾಧಾನ ಇಲ್ಲ.

ನಿಮ್ಮ ಕಡೆ ಪಾಲಕರು ಬರ್ತಾರಾ? ಹೆಂಗ ಕರೀತೀರಿ?

ರೊಟ್ಟಿ ಪುಂಡಿಪಲ್ಯ | 9 ಡಿಸೆಂಬರ್

11 ಬಂದಾರಲ್ಲ, ಪುಣ್ಯ ಮಾಡೀರಿ. ನಮ್ಮಲ್ಲಿ 6 ಬಂದಿದ್ರು, ಅದ್ರಾಗ ಒಬ್ಬ ಚಹಾ ತಂದಾಂವ.

ಎಡದಂಡೆ ಕಾಲುವೆ (ಸಿಂಧನೂರು) | 9 ಡಿಸೆಂಬರ್

ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಡಿಸೆಂಬರ್‌ನಾಗ ಶನಿವಾರ 11 ಗಂಟೆ ಅಂತ ಯಾರು ಆರಿಸಿದ್ರು? ನಿಮ್ಮ ಕಡೆ ತೊಗರಿ ಕೊಯ್ಲು, ನಮ್ಮ ಕಡೆ ಭತ್ತದ ಕೊಯ್ಲು ಮುಗಿಯೋ ಹೊತ್ತು, ರಾಯಚೂರು ಕಡೆ ಹತ್ತಿ ಬಿಡಿಸೋದು. ಹತ್ತಿ ಕೂಲಿ ಕೆಜಿ ಲೆಕ್ಕ. 11ಕ್ಕ ಸಭೆಗೆ ಬಂದ್ರ ಆ ತಾಯಿಗೆ ಅರ್ಧ ದಿನ ಹೋತು, ಅರ್ಧ ಅಲ್ಲ, ಪೂರ್ತಿನೇ. ಕೂಲಿಯವರನ್ನ ಒಯ್ಯೋ ಟಂಟಂ ಆಟೋ ಮುಂಜಾನಿ 7ಕ್ಕ ಹೊಲಕ್ಕ ಹೋಗ್ತದ, ಅದು ಆಕಿಗೋಸ್ಕರ ಇನ್ನೊಂದ್ಸಲ ಬರಂಗಿಲ್ಲ. ನೀವು ಕರೆದದ್ದು ಪಾಲಕರನ್ನಲ್ಲ, ಮನ್ಯಾಗ ಕುಂತವರನ್ನ.

ಬೇಲಿ ಹೂವು | 9 ಡಿಸೆಂಬರ್

ಟಂಟಂ ವಿಷಯ ನನ್ನ ತಲೆಗೇ ಬಂದಿರಲಿಲ್ಲ ನೋಡ್ರಿ. ನಾನೂ ಕೂಲಿ ಮನೆಯಿಂದಲೇ ಬಂದಾಕಿ, ಆದ್ರೂ.

ಹಳೇ ಕರಿಹಲಗಿ (ರಾಯಚೂರು, ನಿವೃತ್ತ) | 10 ಡಿಸೆಂಬರ್

ತಂಗಿ, 34 ವರ್ಷ ಮಾಸ್ತರಿಕಿ ಮಾಡೀನಿ, ಒಂದು ಹಳೇ ಕಥಿ ಹೇಳ್ತೀನಿ.

ಬಿಸಿಯೂಟ ಬರೋದಕ್ಕಿಂತ ಮೊದಲು ಮಕ್ಕಳಿಗೆ ತಿಂಗಳಿಗೆ 3 ಕೆಜಿ ಅಕ್ಕಿ ಕೊಡ್ತಿದ್ವಿ. 1995ರ ಕೇಂದ್ರದ ಯೋಜನೆ ಅದು. ಹಾಜರಿ ಸರಿ ಇದ್ದ ಮಗುವಿಗೆ ಮಾತ್ರ. ಆ ದಿನ ಒಬ್ಬ ತಾಯಿನೂ ತಪ್ಪಿಸ್ತಿದ್ದಿಲ್ಲ. ಚೀಲ ಹಿಡಕೊಂಡು ವರಾಂಡದಾಗ ಸಾಲು. ನಮ್ಮ ಹೆಡ್‌ಮಾಸ್ತರು ಜಾಣರು. ಪಾಲಕರ ಸಭೆ ಅಂತ ಬ್ಯಾರೆ ಕರೀತಿದ್ದಿಲ್ಲ. ಅಕ್ಕಿ ಅಳೀತಾ ಅಳೀತಾ "ಯವ್ವಾ, ನಿನ್ನ ಮಗ ಬಾಳ ಚಲೋ ಲೆಕ್ಕ ಮಾಡ್ತಾನ, ಆದ್ರ ಸೋಮವಾರ ಸೋಮವಾರ ಯಾಕ ಬರಂಗಿಲ್ಲ?" ಅಂತ ಕೇಳ್ತಿದ್ರು. ಆಕಿ ಅಲ್ಲೇ ಹೇಳಿಬಿಡ್ತಿದ್ಲು, ಸೋಮವಾರ ಸಂತಿ, ಕುರಿ ಕಾಯಾಕ ಯಾರೂ ಇರಂಗಿಲ್ಲ ಅಂತ. ಎರಡು ನಿಮಿಷದ ಮಾತು. ಅದೇ ಸಭೆ.

2002ರ ಜೂನ್‌ನಾಗ ಅಕ್ಷರ ದಾಸೋಹ, ಅಂದ್ರ ಈ ಬಿಸಿಯೂಟ, ಮೊದಲು ನಮ್ಮ ಕಡೆ ಏಳು ಜಿಲ್ಲಾಕ್ಕ ಬಂತು, ರಾಯಚೂರು, ಕೊಪ್ಪಳ, ಬಳ್ಳಾರಿ ಎಲ್ಲಾ ಅದರಾಗ. ಮಕ್ಕಳಿಗೆ ಬಿಸಿ ಅನ್ನ ಸಿಕ್ತು, ಭಾಳ ಚಲೋ ಆತು. ಆದ್ರ ತಾಯಂದಿರ ಸಾಲು ನಿಂತುಹೋತು. ಅದನ್ನ ಯಾರೂ ಲೆಕ್ಕಕ್ಕ ಹಿಡೀಲಿಲ್ಲ.

ಸೀಮೆಸುಣ್ಣ (ಗಂಗಾವತಿ) | 10 ಡಿಸೆಂಬರ್

ಗುರುಗಳೇ, ಈಗ ಆ ಸಾಲು ರೇಷನ್ ಅಂಗಡಿ ಮುಂದೆ ಇದೆ. ಥಂಬ್ ಕೊಡೋ ದಿನ ನೋಡಿ, ಸರ್ವರ್ ಡೌನ್ ಆದ್ರೆ ಮೂರು ತಾಸು ಅಲ್ಲೇ ಕೂತಿರ್ತಾರೆ.

ಹಳೇ ಕರಿಹಲಗಿ | 10 ಡಿಸೆಂಬರ್

ಹೌದಲ್ಲ! ಅಲ್ಲಿಗೇ ಹೋಗ್ರಿ ಮತ್ತ.

ಕಲಂ 21 | 10 ಡಿಸೆಂಬರ್

ಎಲ್ಲರೂ ಟೈಮಿನ ಬಗ್ಗೆ ಮಾತಾಡ್ತಿದ್ದೀರಿ, ಮೂಲಕ್ಕೆ ಬರೋಣ. ಶಿಕ್ಷಣ ಹಕ್ಕು ಕಾಯ್ದೆ 2009, ಜಾರಿಗೆ ಬಂದದ್ದು 2010ರ ಏಪ್ರಿಲ್ 1. ಅದರ 21ನೇ ಕಲಂ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ-ತಾಯಿ ಅಥವಾ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. 22ನೇ ಕಲಂ ಪ್ರಕಾರ ಶಾಲೆಯ ಅಭಿವೃದ್ಧಿ ಯೋಜನೆ ಮಾಡಬೇಕಾದವರು ಈ ಸಮಿತಿಯವರು. ಎಚ್‌ಎಂ ಒಬ್ಬರೇ ಕೂತು ಬರೆಯೋದಲ್ಲ. 24ರಲ್ಲಿ ಶಿಕ್ಷಕರ ಕರ್ತವ್ಯ ಅಂತಲೇ ಇದೆ: ಪಾಲಕರ ಜೊತೆ ನಿಯಮಿತವಾಗಿ ಸಭೆ ಮಾಡಿ ಹಾಜರಿ, ಕಲಿಕೆ ಎರಡನ್ನೂ ತಿಳಿಸಬೇಕು.

ನಮ್ಮ ರಾಜ್ಯಕ್ಕೆ ಇದು ಹೊಸದೂ ಅಲ್ಲ. ಎಸ್‌ಡಿಎಂಸಿ ಆದೇಶ ಆದದ್ದು 2001ರಲ್ಲಿ, ಕಾಯ್ದೆಗಿಂತ ಎಂಟು ವರ್ಷ ಮೊದಲು.

ಇನ್ನು ಮೇಡಂ, ಬರದೇ ಇದ್ದವರ ಸಹಿ ಮನೆಗೆ ಹೋಗಿ ಹಾಕಿಸಿದ್ದು ತಪ್ಪು. ನೀವು ಮಾಡಿದ್ರೂ ತಪ್ಪು, ಎಚ್‌ಎಂ ಹೇಳಿದ್ರೂ ತಪ್ಪು.

ರೊಟ್ಟಿ ಪುಂಡಿಪಲ್ಯ | 10 ಡಿಸೆಂಬರ್

ಅತಿಥಿ ಶಿಕ್ಷಕಿ ಎಚ್‌ಎಂಗೆ "ಇಲ್ಲ" ಅಂದ್ರ ಮುಂದಿನ ವರ್ಷ ಆಕಿ ಅತಿಥಿನೂ ಅಲ್ಲ, ಶಿಕ್ಷಕಿನೂ ಅಲ್ಲ. ಕಲಂ ಬರ್ಯೋದು ಸರಳ ಐತಿ ಸರ.

ಖರೇ ಮಾತು | 10 ಡಿಸೆಂಬರ್

ನಾನು ಊರವನು, ಶಿಕ್ಷಕ ಅಲ್ಲ. ಒಂದು ಖರೇ ಮಾತು ಹೇಳ್ತೀನಿ, ಯಾರಿಗೆ ಸಿಟ್ಟು ಬಂದ್ರೂ ಸೈ. ನಮ್ಮೂರ ಸಾಲಿ ಮಾಸ್ತರು ಐದು ಮಂದಿ. ಒಬ್ಬರೂ ಊರಾಗ ಇರಂಗಿಲ್ಲ. 9:50ರ ಬಸ್ಸಿಗೆ ಇಳೀತಾರ, 4:40ರ ಬಸ್ಸಿಗೆ ಹತ್ತಾರ. ನಾವು ಮುಂಜಾನಿ 7ಕ್ಕ ಹೊಲಕ್ಕ, ಸಂಜಿ 6ಕ್ಕ ಮನಿಗೆ. ಅವರ ಮುಖ ನಾವು ನೋಡಿಲ್ಲ, ನಮ್ಮ ಮುಖ ಅವರು ನೋಡಿಲ್ಲ. ಹಿಂಗಿದ್ದು "ಪಾಲಕರಿಗೆ ಕಾಳಜಿ ಇಲ್ಲ" ಅಂತ ಬರೀತಾರ.

ಸೀಮೆಸುಣ್ಣ | 10 ಡಿಸೆಂಬರ್

ಬಸ್ಸಿನ ಟೈಮು ಎಣಿಸೋರು ಉಳಿದದ್ದೂ ಎಣಿಸಿ. ನಾನು ಬಿಎಲ್‌ಒ (ಮತದಾರರ ಪಟ್ಟಿ ಕೆಲಸ), ಹಾಲಿನ ಪುಡಿ ಲೆಕ್ಕ ನನ್ನದು, ಮೊಟ್ಟೆ-ಬಾಳೆಹಣ್ಣು ಲೆಕ್ಕ ನನ್ನದು, ಸ್ಯಾಟ್ಸ್ (ಮಕ್ಕಳ ಆನ್‌ಲೈನ್ ದಾಖಲೆ) ಎಂಟ್ರಿ ನನ್ನದು. ದಸರಾ ರಜೆ ಎಲ್ಲಾ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಹೋಯ್ತು, ಅಕ್ಟೋಬರ್ 18ರ ತನಕ ರಜೆ ಮುಂದುವರಿಸಿ ಅದನ್ನೇ ಮಾಡಿಸಿದ್ರು. ಕಲಂ 21 ಸರ್, ನಿಮ್ಮ ಅದೇ ಕಾಯ್ದೆಯ 27ನೇ ಕಲಂ ಓದಿ. ಹತ್ತು ವರ್ಷಕ್ಕೊಮ್ಮೆ ಬರೋ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಇಷ್ಟು ಬಿಟ್ಟು ಬೇರೆ ಕೆಲಸ ಕೊಡಬಾರದು ಅಂತ ಇದೆ. ಆ ಕಲಂ ಹೆಸರಿಟ್ಟುಕೊಂಡು ಯಾರೂ ಯಾಕೆ ಬರೆಯಲ್ಲ?

ಖರೇ ಮಾತು | 10 ಡಿಸೆಂಬರ್

ಸಮೀಕ್ಷೆ ಅಂದ್ರಲ್ಲ, ಅದನ್ನೇ ಕೇಳ್ತೀನಿ. ಮನಿ ಮನಿಗೆ ಬಂದ್ರಿ. ಚಹಾ ಕುಡಿದ್ರಿ. 60 ಪ್ರಶ್ನೆ ಕೇಳಿದ್ರಿ. ನನ್ನ ಮಗಳು ನಿಮ್ಮಂಥವರ ಕ್ಲಾಸಿನಾಗೇ ಕುಂದರ್ತಾಳ. "ನಿನ್ನ ಮಗಳು ಹಿಂಗ ಓದ್ತಾಳ" ಅಂತ 61ನೇದು ಒಂದು ಮಾತು ಬರಲಿಲ್ಲಲ್ರಿ ಬಾಯಾಗ.

ಸೀಮೆಸುಣ್ಣ | 11 ಡಿಸೆಂಬರ್

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆ್ಯಪ್ ಹ್ಯಾಂಗ್ ಆಗ್ತಿತ್ತು, ಒಟಿಪಿ ಬರ್ತಿರಲಿಲ್ಲ, ತಲೆ ಕೆಟ್ಟಿತ್ತು. ಆದ್ರೆ ಹೌದು, ಕೇಳಬಹುದಿತ್ತು.

ಒಲಿ ಮುಂದ | 11 ಡಿಸೆಂಬರ್

ನಾ ಬಿಸಿಯೂಟದ ಅಡಿಗಿ ಮಾಡಾಕಿ. ನಾ ಹೇಳ್ತೀನಿ, ನನ್ನ ಮಗ ಬರ್ಯಾಕತ್ತಾನ. ಅಕ್ಕೋರು ಮ್ಯಾಲ ಬರದಾರಲ್ಲ, 11ರಾಗ ಇಬ್ಬರು ಬಿಸಿಯೂಟದವರು ಅಂತ. ನಮ್ಮನ್ನ ಲೆಕ್ಕದಾಗ ಹಿಡೀಬಾರದು ಅನ್ನೋಹಂಗ ಬರದಾರ. ನಾವೂ ತಾಯಂದಿರ. ನನ್ನ ಇಬ್ಬರು ಮಕ್ಕಳು ಅದೇ ಸಾಲ್ಯಾಗ ಅದಾವ.

ಎಲ್ಲಾ ಸಭೆದಾಗ ನಮಗ ಹೇಳೋದು ಒಂದೇ, ಚಹಾ ಇಡ್ರಿ. ಕುಂದರ್ರಿ ಅಂತ ಯಾರೂ ಅಂದಿಲ್ಲ. ಯಾವ ಹುಡುಗ ಎಷ್ಟು ಉಣ್ತಾನ ನನಗ ಗೊತ್ತೈತಿ. ಸೋಮವಾರ ಎಲ್ಲಾ ಹುಡುಗ್ರೂ ಜಾಸ್ತಿ ಉಣ್ತಾವ, ಐತವಾರ ಮನ್ಯಾಗ ಉಂಡಿರಂಗಿಲ್ಲ ಒಂದೊಂದು. ಯಾರ ಅಪ್ಪ-ಅವ್ವ ದುಡಿಯಾಕ ಹೋದ್ರು ಅಂತ ಮಾಸ್ತರಿಗೆ ಗೊತ್ತಾಗೋದಕ್ಕಿಂತ ಮೊದಲು ನನಗ ಗೊತ್ತಾಗ್ತೈತಿ. ಹುಡುಗಿ ತಲಿ ಬಾಚಿರಂಗಿಲ್ಲ ಆವತ್ತು.

ಬೇಲಿ ಹೂವು | 11 ಡಿಸೆಂಬರ್

ಅಕ್ಕಾ, ತಪ್ಪಾತು. ಖರೇನೇ ಹಂಗ ಬರೆದೀನಿ. ನಾಳೆ ನಮ್ಮ ಅಡಿಗಿ ಕೋಣೆಗೆ ಹೋಗಿ ಕೂಡ್ತೀನಿ.

ಗವಿಮಠದ ಹಾದಿ (ಕೊಪ್ಪಳ) | 12 ಡಿಸೆಂಬರ್

ಮುಂದಿನ ತಿಂಗಳು ನಮ್ಮ ಗವಿಸಿದ್ಧೇಶ್ವರ ಅಜ್ಜನ ಜಾತ್ರೆ. ನೀವೆಲ್ಲಾ ನೋಡೀರಿ, ಊರೂರಿಂದ ಟ್ರ್ಯಾಕ್ಟರ್ ತುಂಬಿ ರೊಟ್ಟಿ ಬರ್ತಾವ, ಡೊಳ್ಳು ಬಾರಿಸ್ಕೋತ. ಮಾದಲಿ, ಶೇಂಗಾ ಚಟ್ನಿ, ಕಾಳು-ಕಡಿ, ಕಟ್ಟಿಗಿ. ನಿಮ್ಮ ಸಭೆಗೆ ಬರದೇ ಇರೋ ಅದೇ ತಾಯಂದಿರು ರಾತ್ರಿ ಎಲ್ಲಾ ಕುಂತು ರೊಟ್ಟಿ ಬಡೀತಾರ. ಕೂಲಿ ಬಿಟ್ಟು ಬಡೀತಾರ. ಹಂಗಾದ್ರ "ನಮ್ಮ ಮಂದಿಗೆ ಸಾರ್ವಜನಿಕ ಕೆಲಸದಾಗ ಆಸಕ್ತಿ ಇಲ್ಲ" ಅನ್ನೋದು ಸುಳ್ಳು ಅಲ್ಲೇನು?

ನಮ್ಮವ್ವ ಪ್ರತಿ ವರ್ಷ ಕೊಡ್ತಾಳ. ಯಾಕ ಅಂತ ಕೇಳಿದ್ರ "ನಮ್ಮ ಪಾಲಿಂದು ನಾವು ಕೊಡಬೇಕಲ್ಲ" ಅಂತಾಳ. ಜಾತ್ರಿದಾಗ ಆಕಿ ಪಾಲು ಏನು ಅಂತ ಆಕಿಗೆ ಗೊತ್ತೈತಿ, ಇಷ್ಟು ರೊಟ್ಟಿ ಅಂತ. ಸಾಲ್ಯಾಗ ಆಕಿ ಪಾಲು ಏನು? ಬಂದು ಚಾಪಿ ಮ್ಯಾಲ ಕುಂತು, ಕೇಳಿ, ಹೆಬ್ಬೆಟ್ಟು ಒತ್ತಿ ಹೋಗೋದು. ಅದಕ್ಕ ಯಾರು ಕೂಲಿ ಬಿಡ್ತಾರ?

ಖರೇ ಮಾತು | 12 ಡಿಸೆಂಬರ್

ಅದು ಭಕ್ತಿ, ಇದು ಸಾಲಿ. ಹೋಲಿಸಬ್ಯಾಡ್ರಿ. ಇನ್ನೊಂದು ಮಾತು, ಸಾಲಿಯವರು ಕರೆಯೋದು ಎರಡಕ್ಕೇ, ಒಂದು ದೇಣಿಗಿ, ಇನ್ನೊಂದು ದೂರು. "ಗ್ರಾಮಸ್ಥರ ಸಹಕಾರ" ಅಂದ್ರ ಮಂದಿ ಕಿಸೆ ಮುಟ್ಟಿ ನೋಡ್ಕೋತಾರ.

ಎಡದಂಡೆ ಕಾಲುವೆ | 12 ಡಿಸೆಂಬರ್

ಜಾತ್ರಿ ಅಂದ್ರ ನೆನಪಾತು, ಮಿರ್ಚಿ ದಾಸೋಹ ಯಾವತ್ತು ಈ ಸಲ?

ರೊಟ್ಟಿ ಪುಂಡಿಪಲ್ಯ | 12 ಡಿಸೆಂಬರ್

ನೋಡ್ರಿ ಇಲ್ಲಿ, ಮಕ್ಕಳ ಭವಿಷ್ಯ ಹೋತು, ಮಿರ್ಚಿ ಬಂತು. (ಗೊತ್ತಾದ್ರ ನನಗೂ ಹೇಳ್ರಿ.)

ಕೌಲ್‌ಬಜಾರ್ ಹೊಲಿಗೆ (ಬಳ್ಳಾರಿ) | 13 ಡಿಸೆಂಬರ್

ನಾನು ಪಾಲಕ. ಜೀನ್ಸ್ ಹೊಲಿತೀನಿ, ಪೀಸ್ ಲೆಕ್ಕ. ಇಲ್ಲಿ ಎಲ್ಲಾರೂ ಪಾಲಕರ ಬಗ್ಗೆ ಬರೀತಿದಾರೆ, ಪಾಲಕ ಒಬ್ಬನೂ ಯಾಕೆ ಸಭೆಗೆ ಹೋಗಲ್ಲ ಅಂತ ಬರೆದಿಲ್ಲ. ನಾನು ಬರೀತೀನಿ.

ಎರಡು ವರ್ಷದ ಹಿಂದೆ ಹೋಗಿದ್ದೆ. ಮಷಿನ್ ನಿಲ್ಲಿಸಿ, ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕ್ಕಂಡು. ಎಲ್ಲಾರ ಮುಂದೆ ಒಬ್ಬೊಬ್ಬರ ಹೆಸರು ಕೂಗಿ ಮಾರ್ಕ್ಸ್ ಓದಿದ್ರು. ನನ್ನ ಮಗಂದು ಬಂದಾಗ "ಇವನು ಕನ್ನಡ ಓದಲ್ಲ, ಮನೆಯಲ್ಲಿ ನೀವು ಸ್ವಲ್ಪ ಓದಿಸಿ" ಅಂದ್ರು. ನನಗೆ ಓದಾಕ ಬರಲ್ಲ. ಮನೆ ಮಾತು ಉರ್ದು. ಅಷ್ಟು ಮಂದಿ ಮುಂದೆ ಏನಂತ ಹೇಳ್ಲಿ? "ಆಯ್ತು ಮೇಡಂ" ಅಂದೆ. ಮಗ ನನ್ನ ಮುಖ ನೋಡ್ತಿದ್ದ. ಆಮೇಲೆ ಹೋಗಿಲ್ಲ.

(ಇದನ್ನ ಫೋನಿಗೆ ಮಾತಾಡಿ ಬರೆಸ್ತಿದೀನಿ. ತಪ್ಪಿದ್ರೆ ಫೋನಿಂದು.)

ಈ ವರ್ಷ ಹೊಸ ಟೀಚರ್ ಬಂದಾರೆ. ಅವರು ವಾಟ್ಸಾಪಿಗೆ ವಾಯ್ಸ್ ಕಳಿಸ್ತಾರೆ, ಬರೆಯಲ್ಲ. "ಅಣ್ಣಾ, ಇವತ್ತು ನಿಮ್ಮ ಮಗ ಇಷ್ಟು ಓದಿದ, ಕೇಳ್ರಿ" ಅಂತ ಅವನ ದನೀನೇ ಕಳಿಸ್ತಾರೆ. ಮಷಿನ್ ಮುಂದೆ ಕೂತೇ ಕೇಳ್ತೀನಿ. ಮೂರ್ಸಲ ಕೇಳ್ತೀನಿ.

ಹಳೇ ಕರಿಹಲಗಿ | 13 ಡಿಸೆಂಬರ್

ನಾನೂ ಹಂಗ ಹೆಸರು ಕೂಗಿ ಮಾರ್ಕ್ಸ್ ಓದೀನಪ್ಪಾ. ಎಷ್ಟೋ ವರ್ಷ ಓದೀನಿ.

ತಾಂಡಾದಾಂವ (ಲಿಂಗಸುಗೂರು) | 13 ಡಿಸೆಂಬರ್

ಭಾಷೆ ವಿಷಯ ಬಂತಲ್ಲ. ನಮ್ಮ ತಾಂಡಾದಾಗ ಮನಿ ಮಾತು ಲಂಬಾಣಿ. ಒಂದನೇ ಕ್ಲಾಸಿಗೆ ಹೋದ ಹುಡುಗಂಗೆ ನಲಿಕಲಿ ಕಾರ್ಡಿನಾಗಿರೋ ಚಿತ್ರದ ಹೆಸರು ಗೊತ್ತಿರ್ತದ, ಕನ್ನಡದಾಗ ಗೊತ್ತಿರಂಗಿಲ್ಲ. "ಮಂದ ಹುಡುಗ" ಅಂತ ಬರೀತಾರ. ನಮ್ಮ ಸಾಲಿಗೆ ಬಂದ ಒಬ್ಬ ಸರ ಮೊದಲನೇ ತಿಂಗಳು ತಾಂಡಾದ ಹಿರೇರು ನಾಯಕ್, ಕಾರಭಾರಿ ಇಬ್ಬರ ಮನಿಗೂ ಹೋಗಿ ಕುಂತು ಒಂದು 50 ಲಂಬಾಣಿ ಶಬ್ದ ಬರಕೊಂಡ್ರು. ತಪ್ಪು ತಪ್ಪು ಮಾತಾಡ್ತಿದ್ರು, ಹೆಣ್ಣುಮಕ್ಕಳು ಬಿದ್ದು ಬಿದ್ದು ನಗ್ತಿದ್ರು. ಆದ್ರ ಸಭೆ ಅಂದ್ರ ತಾಂಡಾ ಪೂರ್ತಿ ಬರ್ತಿತ್ತು, ಅವರ ಮಾತು ಕೇಳಿ ನಗಾಕಂತ.

ಬೇಲಿ ಹೂವು | 14 ಡಿಸೆಂಬರ್

ನನ್ನ 143ರಲ್ಲಿ 38 ಮಕ್ಕಳ ತಂದೆ-ತಾಯಿ ಇಬ್ಬರೂ ಊರಲ್ಲಿಲ್ಲ, ಇವತ್ತು ಕೂತು ಲೆಕ್ಕ ಹಾಕಿದೆ. ಬೆಂಗಳೂರು, ಗೋವಾ, ಮಂಗಳೂರು. ಇವರನ್ನ ಯಾವ ಟೈಮಿಗೆ ಕರೆದ್ರೂ ಬರಲ್ಲ. ಏನು ಮಾಡ್ಲಿ?

ಮುದಗಲ್ ಕೋಟೆ | 14 ಡಿಸೆಂಬರ್

ಅವರು ಬಂದಾಗ ಕರೀರಿ ಅಕ್ಕೋರ. ದುಡಿಯಾಕ ಊರು ಬಿಟ್ಟು ಗುಳೆ ಹೋದ ಮಂದಿಗೆ ಒಂದು ಕ್ಯಾಲೆಂಡರ್ ಐತಿ, ಸರ್ಕಾರದ್ದಲ್ಲ. ನಮ್ಮೂರ ಮೊಹರಂಗೆ ಎಲ್ಲಿದ್ರೂ ಬರ್ತಾರ, ಹಿಂದೂ ಮುಸ್ಲಿಂ ಅಂತ ಇಲ್ಲ, ಅಲಾಯಿ ಕುಣಿ (ಮೊಹರಂ ಬೆಂಕಿ ಗುಂಡಿ) ಮುಂದ ಎಲ್ಲಾರೂ. ಪಂಚಮಿಗೆ ಬರ್ತಾರ, ಯುಗಾದಿಗೆ ಬರ್ತಾರ, ಊರ ದ್ಯಾಮವ್ವನ ಜಾತ್ರಿಗೆ ಬರ್ತಾರ. ಮುಂದಿನ ವರ್ಷ ಯುಗಾದಿ ಮಾರ್ಚ್ 19ಕ್ಕ, ಮೊಹರಂ ಜೂನ್ ಕೊನೀ ವಾರ ಬೀಳ್ತದ. ಅಂದ್ರ ಸಾಲಿ ಚಾಲೂ ಆಗಿ ತಿಂಗಳಿಗೆ ಎಲ್ಲಾ ಅಪ್ಪ-ಅವ್ವ ಊರಾಗ. ಇದಕ್ಕಿಂತ ಬ್ಯಾರೆ ಮುಹೂರ್ತ ಬೇಕಾ? ಹಬ್ಬದ ದಿನ ಅಲ್ಲ ಮತ್ತ, ಹಬ್ಬದ ಎರಡು ದಿನ ಹಿಂದೋ ಮುಂದೋ. ಹಬ್ಬದ ದಿನ ಅರ್ಧ ಅಪ್ಪಂದಿರು ಮಾತಾಡೋ ಸ್ಥಿತಿಯಾಗ ಇರಂಗಿಲ್ಲ.

ರೊಟ್ಟಿ ಪುಂಡಿಪಲ್ಯ | 14 ಡಿಸೆಂಬರ್

ಪಂಚಾಯ್ತಿ ಎಲೆಕ್ಷನ್‌ಗೂ ಬರ್ತಾರ, ಬಸ್ ಮಾಡಿ ಕರ್ಕೊಂಡು ಬರ್ತಾರ. ಅಭ್ಯರ್ಥಿ ಖರ್ಚಿನಾಗ ಪಾಲಕರ ಸಭೆ!

ಸೀಮೆಸುಣ್ಣ | 14 ಡಿಸೆಂಬರ್

ನೀತಿ ಸಂಹಿತೆ ಇರುತ್ತೆ ಮಾರಾಯ್ರೇ, ನನ್ನ ಸಸ್ಪೆಂಡ್ ಮಾಡಿಸ್ತೀರಾ.

ಗುಳೆ ಬಗ್ಗೆ ಒಂದು ಮಾತು. ಈ ವರ್ಷ ನಮ್ಮ ನೀರಾವರಿ ಊರುಗಳಿಂದಲೂ ಹೊರಟಿದ್ದಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋಯ್ತಲ್ಲ, ಈಗ 33 ಗೇಟೂ ಬದಲಿಸಬೇಕು ಅಂತ ಎರಡನೇ ಬೆಳೆಗೆ ನೀರಿಲ್ಲ. ಭತ್ತ ಇಲ್ಲ ಅಂದ್ರೆ ಕೂಲಿ ಇಲ್ಲ. ನನ್ನ ಐದನೇ ಕ್ಲಾಸಿನಿಂದ ಮೂರು ಮಕ್ಕಳು ಅಪ್ಪ-ಅಮ್ಮನ ಹಿಂದೆ ಹೊರಡೋದಕ್ಕೆ ತಯಾರಾಗಿದ್ದಾರೆ.

ಕಲಂ 21 | 14 ಡಿಸೆಂಬರ್

ಹೋಗುವ ಮಕ್ಕಳ ಪಾಲಕರಿಗೆ ಒಂದು ವಿಷಯ ಹೇಳಿ ಕಳಿಸಿ: ಟಿಸಿ (ವರ್ಗಾವಣೆ ಪತ್ರ) ಇಲ್ಲ ಅಂತ ಯಾವ ಸರ್ಕಾರಿ ಶಾಲೆಯೂ ದಾಖಲಾತಿ ನಿರಾಕರಿಸುವಂತಿಲ್ಲ, ತಡ ಮಾಡುವಂತೆಯೂ ಇಲ್ಲ. 5ನೇ ಕಲಂ. ಮಗುವಿನ ಸ್ಯಾಟ್ಸ್ ನಂಬರ್ ಒಂದು ಚೀಟಿಯಲ್ಲಿ ಬರೆದು ತಾಯಿಯ ಕೈಗೆ ಕೊಡಿ, ಹೋದ ಕಡೆ ಸೇರಿಸೋದು ಸುಲಭ.

ಇನ್ನೊಂದು: ಕಾಯ್ದೆಯಲ್ಲಿ "ಪೋಷಕರು" ಅಂತಲೂ ಇದೆ ಅಂದೆನಲ್ಲ. ಮಗುವನ್ನು ಸಾಕುತ್ತಿರುವ ಆ ಅಜ್ಜಿ ಎಸ್‌ಡಿಎಂಸಿ ಸದಸ್ಯೆ ಆಗಬಹುದು.

ಖರೇ ಮಾತು | 15 ಡಿಸೆಂಬರ್

ಆಗಬಹುದು! ನಮ್ಮೂರಾಗ ಎಸ್‌ಡಿಎಂಸಿ ಎರಡು ಪಾರ್ಟಿ ಕೂಡಿ ಹಂಚ್ಕೋತಾರ. ಅಧ್ಯಕ್ಷ ಆದ್ರ ಎಚ್‌ಎಂ ಜೋಡಿ ಜಂಟಿ ಖಾತೆ, ಚೆಕ್ಕಿಗೆ ಸಹಿ. ಹೆಣ್ಣುಮಕ್ಕಳ ಹೆಸರು ಪಟ್ಟಿದಾಗ ಇರ್ತದ, ಕುರ್ಚಿ ಮ್ಯಾಲ ಗಂಡ ಇರ್ತಾನ. ಅಜ್ಜಿಗೆ ಯಾರು ಬಿಡ್ತಾರ?

ಹೆಸರು ಬ್ಯಾಡ | 15 ಡಿಸೆಂಬರ್

ನಾನು ಓದೋದಷ್ಟೇ, ಬರೆಯೋದಿಲ್ಲ ಇಲ್ಲಿ. ಇದೊಂದು ಹೇಳಬೇಕು ಅನಿಸ್ತು.

ಚೀಟಿಯಲ್ಲಿ, ಮಾತಿನಲ್ಲಿ "ಅಪ್ಪನ್ನ ಕರ್ಕೊಂಡು ಬಾ" ಅನ್ನಬೇಡಿ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮ ಮಾಸ್ತರು ಹಾಗಂದ್ರು. ನಮ್ಮವ್ವ ದೇವದಾಸಿ. ನಾನು ಎಂಟು ದಿನ ಸಾಲಿಗೆ ಹೋಗಲಿಲ್ಲ, ಯಾಕೆ ಅಂತ ಅವ್ವಗೂ ಹೇಳಲಿಲ್ಲ. 1982ರಲ್ಲೇ ಕಾನೂನು ಬಂದಿದೆ ಅಂತಾರೆ, ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ಅಂಥ ಮನೆಗಳ ಮಕ್ಕಳು ಇವತ್ತೂ ಶಾಲೆಯಲ್ಲಿದ್ದಾರೆ. "ಮನೆಯವರನ್ನ ಕರ್ಕೊಂಡು ಬಾ" ಅಂದ್ರೆ ಸಾಕು.

ಬೇಲಿ ಹೂವು | 15 ಡಿಸೆಂಬರ್

ನನ್ನ ಚೀಟಿಯ ಕೆಳಗೆ "ತಂದೆಯ ಸಹಿ" ಅಂತ ಒಂದು ಗೆರೆ ಇದೆ. ಹಳೇ ನಮೂನೆ ನೋಡಿ ಹಾಗೇ ಟೈಪ್ ಮಾಡಿಸಿದ್ದೆ. ತೆಗೀತೀನಿ.

ಗವಿಮಠದ ಹಾದಿ | 16 ಡಿಸೆಂಬರ್

ಅಕ್ಕೋರ, ರಾತ್ರಿ ಹನುಮಪ್ಪನ ಗುಡಿ ಕಟ್ಟಿ ಮ್ಯಾಲ ಮಾಡ್ರಿ. 7:30ಕ್ಕ ಎಲ್ಲಾರೂ ಇರ್ತಾರ.

ತಾಂಡಾದಾಂವ | 16 ಡಿಸೆಂಬರ್

ಎಲ್ಲಾರೂ ಅಂದ್ರ? ಆ ಕಟ್ಟಿ ಮ್ಯಾಲ ಕೇರಿಯವರು ಕುಂದರ್ತಾರೇನ್ರಿ ನಿಮ್ಮೂರಾಗ?

ಗವಿಮಠದ ಹಾದಿ | 16 ಡಿಸೆಂಬರ್

ಇಲ್ಲ. ಕೆಳಗ ನಿಂದರ್ತಾರ. ಬರೆಯೋ ಮೊದಲು ಯೋಚನೆ ಮಾಡ್ಲಿಲ್ಲ, ಖರೇ ಹೇಳ್ತೀನಿ.

ಬೇಲಿ ಹೂವು | 31 ಜನವರಿ

ಬಹಳ ದಿನ ಆಯ್ತು. ಏನೇನಾಯ್ತು ಅಂತ ಬರೀತೀನಿ.

ಗುಡಿ ಕಟ್ಟೆ ಬಿಟ್ಟೆ. ಜನವರಿಯಲ್ಲಿ ರೇಷನ್ ಥಂಬ್ ಕೊಡೋ ಎರಡು ದಿನ, ಶಾಲೆ ಬಿಟ್ಟ ಮೇಲೆ, ಅಂಗಡಿ ಮುಂದೆ ಹೋಗಿ ಕೂತೆ. ಮೊದಲನೇ ದಿನ ಒಂದು ತಾಸು ಯಾರೂ ಮಾತಾಡಿಸಲಿಲ್ಲ, ಸಾಲು ತಪ್ಪಿಸಿ ಮುಂದೆ ಹೋಗೋಕೆ ಬಂದೀನಿ ಅಂದ್ಕೊಂಡ್ರು. ಜೊತೆಗೆ ಬಿಸಿಯೂಟದ ಅಕ್ಕ ಇದ್ದದ್ದಕ್ಕೆ ಬಚಾವಾದೆ. ಅವರೇ ಒಬ್ಬೊಬ್ಬರನ್ನ ಕರೆದು "ಇಕಿ ನಮ್ಮ ಅಕ್ಕೋರು, ನಿನ್ನ ಮಗನ ಕ್ಲಾಸಿಗೆ ಬರ್ತಾಳ" ಅಂತ ಪರಿಚಯ ಮಾಡ್ಸಿದ್ರು. ಎರಡು ದಿನಕ್ಕೆ 47 ಮನೆಯವರು ಸಿಕ್ಕರು. ಮಾರ್ಕ್ಸ್ ಹೇಳಲಿಲ್ಲ. ಮಗು ಮನೆಯಲ್ಲಿ ಏನು ಮಾಡುತ್ತೆ ಅಂತ ಕೇಳಿದೆ. ನಾನು "ಮಾತೇ ಆಡಲ್ಲ" ಅಂತ ಬರೆದಿದ್ದ ಹುಡುಗ ಮನೆಯಲ್ಲಿ 22 ಕುರಿಗೂ ಹೆಸರಿಟ್ಟಿದ್ದಾನಂತೆ.

ದುಡಿಯೋಕೆ ಹೋದವರಿಗೆ ವಾಯ್ಸ್ ಕಳಿಸೋಕೆ ಶುರು ಮಾಡೀನಿ, ಕೌಲ್‌ಬಜಾರ್ ಅಣ್ಣ ಹೇಳಿದಂಗೆ. 38ರಲ್ಲಿ 19 ನಂಬರ್ ಸಿಕ್ಕಿವೆ, ಉಳಿದವು ಸ್ವಿಚ್ ಆಫ್ ಇಲ್ಲಾ ಬೇರೆಯವರದ್ದು. ಕೆಲವರು ರಾತ್ರಿ 11ಕ್ಕೆ ತಿರುಗಿ ವಾಯ್ಸ್ ಹಾಕ್ತಾರೆ, ಹಿಂದೆ ಕಾಂಕ್ರೀಟ್ ಮಷಿನ್ ಸದ್ದು.

ಎಲ್ಲಾ ಚೆನ್ನಾಗೇ ಆಗಿಲ್ಲ. ಆ ಸಾಲಿನಲ್ಲಿ ಎಲಿ-ಅಡಿಕಿ ಅಜ್ಜಿಯೂ ಇದ್ರು. "ನೀನು ಕೇಳಾಕತ್ತಿ ಅಂತ ಹೇಳ್ತೀನವ್ವಾ, ಸಾಲ್ಯಾಗ ಸಂಡಾಸಕ್ಕ ನೀರಿಲ್ಲಂತ. ಹುಡುಗಿ ಅದಕ್ಕ ಮಧ್ಯಾಹ್ನ ಮನಿಗೆ ಓಡಿ ಬರ್ತದ, ಮತ್ತ ಹೋಗಂಗಿಲ್ಲ" ಅಂದ್ರು. ಪಕ್ಕದಲ್ಲಿದ್ದ ನಾಲ್ಕೈದು ತಾಯಂದಿರು "ನಮ್ಮದೂ ಅದೇ" ಅಂದ್ರು. ನಾನು ಆ ಹುಡುಗಿಯರ ಮಧ್ಯಾಹ್ನದ ಗೈರುಹಾಜರಿಗೆ "ಪಾಲಕರ ನಿರ್ಲಕ್ಷ್ಯ" ಅಂತ ಕಾರಣ ಬರೆದಿದ್ದೆ. ನನ್ನ ಕೈಯಾರೆ.

ಇದನ್ನ ಠರಾವು ಪುಸ್ತಕದಲ್ಲಿ ಬರೀಬೇಕು ಅಂದಾಗ ಎಚ್‌ಎಂ ಸರ್ ಸಿಟ್ಟಾದ್ರು. "ಪಾಲಕರನ್ನ ಸೇರ್ಸಿ ಅಂದ್ರೆ ದೂರು ಸೇರ್ಸಿದ್ರಲ್ಲ" ಅಂತ. ಎರಡು ದಿನ ಮಾತು ಬಿಟ್ಟಿದ್ರು. ಮೂರನೇ ದಿನ ಅವರೇ ಬರೆದು ಸಹಿ ಹಾಕಿದ್ರು, ಯಾಕೆ ಅಂತ ನಾನು ಕೇಳಲಿಲ್ಲ. ಪಂಚಾಯ್ತಿಗೆ ಅರ್ಜಿ ಹೋಗಿದೆ. ಪಿಡಿಒ ಸಾಹೇಬ್ರು "ನೋಡೋಣ" ಅಂದಿದ್ದಾರೆ.

ಕಲಂ 21 | 31 ಜನವರಿ

ಅರ್ಜಿಗೆ ಸ್ವೀಕೃತಿ ತಗೊಂಡ್ರಾ?

ಬೇಲಿ ಹೂವು | 31 ಜನವರಿ

ಇಲ್ಲ ಸರ್. ಸೋಮವಾರ ತಗೋತೀನಿ.

ಒಲಿ ಮುಂದ | 1 ಫೆಬ್ರವರಿ

ನಮ್ಮ ಸಾಲ್ಯಾಗೂ ನೀರಿಲ್ಲ ಅಕ್ಕೋರ. ಅಡಿಗಿಗೆ ನಾನೇ ಕೊಡ ಹೊರ್ತೀನಿ. ಈ ಸಲ ಸಭೆದಾಗ ಚಹಾ ಇಟ್ಟ ಮ್ಯಾಲ ಕುಂದರ್ತೀನಿ ಅಂದೀನಿ, ಏನಂತಾರ ನೋಡೂನು.

ಖರೇ ಮಾತು | 1 ಫೆಬ್ರವರಿ

ಎಲ್ಲಾ ಸರಿ ಅಕ್ಕೋರ, ಆ ಅಜ್ಜಿ ಪಗಾರ ಚಾಲೂ ಆತೇನು? ಅದಕ್ಕೂ ಯಾರಾದ್ರೂ ಉತ್ತರ ಕೊಡ್ರಿ.

ಬೇಲಿ ಹೂವು | 1 ಫೆಬ್ರವರಿ

ಆಗಿಲ್ರಿ. ಆಧಾರ್ ಒಂದು ಬ್ಯಾಂಕಿಗೆ ಲಿಂಕ್ ಆಗಿದೆ, ಪಾಸ್‌ಬುಕ್ ಇನ್ನೊಂದು ಬ್ಯಾಂಕಿಂದು. ಬುಧವಾರ ಅರ್ಧ ದಿನ ರಜೆ ಹಾಕಿ ಕರ್ಕೊಂಡು ಹೋಗ್ತೀನಿ. ಚೀಟಿ ಇನ್ನೂ ಸಂಚಿಯಲ್ಲೇ ಇದೆ ಅವರದ್ದು, ಅದನ್ನೂ ತರ್ತಾರಂತೆ.